ಮರಳುವ ದಾರಿಯ ಪೆಟ್ರೋಲು

ನಮ್ಮ ಹುಲಿ-ಕುರಿ ಆಟದ ಹುಲಿಗೆ ಹೊಟ್ಟೆ ತುಂಬುವುದೆಂಬುದೇ ಇಲ್ಲ. ಎಷ್ಟು ಕುರಿ ಸಿಕ್ಕರೂ ತಿನ್ನುತ್ತದೆ, ದಣಿಯುವುದೂ ಇಲ್ಲ. ಆದ್ದರಿಂದಲೇ ಹಾಸ್ಟೆಲಿನ ಗೆಳೆಯನೊಬ್ಬ ತಂದ 'ರಿಖ್ತೋಫೆನ್ಸ್ ವಾರ್' ಎಂಬ ವಿಮಾನಯುದ್ಧದ ಆಟ ನನಗೆ ವಿಚಿತ್ರವಾಗಿ ಕಂಡಿತು. ೧೯೭೨ರಲ್ಲಿ ಅಮೆರಿಕದ ಅವಲಾನ್ ಹಿಲ್ ಸಂಸ್ಥೆ ಪ್ರಕಟಿಸಿದ ಆಟವಿದು. ಒಂದನೆಯ ಮಹಾಯುದ್ಧದ ವಿಮಾನಗಳದು. ಜೇನುಗೂಡಿನಂಥ ಮನೆಗಳ ಮೇಲೆ ವಿಮಾನ ನಡೆಸಿದರಷ್ಟೇ ಸಾಲದು, ಪಕ್ಕದಲ್ಲೊಂದು ಕಾಗದವಿಟ್ಟುಕೊಂಡು ಗುಂಡಿನ ಲೆಕ್ಕವನ್ನೂ ಬರೆಯಬೇಕು.

"ಇದು ಆಟವೋ, ಕಿರಾಣಿ ಅಂಗಡಿಯ ಖಾತೆಯೋ!" ಎಂದು ಗೆಳೆಯ ಆ ನಿಯಮವನ್ನೇ ಕೈಬಿಡಲು ಹೊರಟ. ನಾನು ಒಪ್ಪಲಿಲ್ಲ. ಗುಂಡು ಮುಗಿಯದಿದ್ದರೆ ಗುರಿಯಿಡುವ ಕಷ್ಟವಾದರೂ ಏತಕ್ಕೆ?

ಪೆಟ್ರೋಲಿನ ಮಾತು ಇನ್ನೂ ತೊಡಕಿನದು. ಹಲಗೆಯ ಮೇಲಿನ ಕಾಳಗ ಕೆಲವೇ ನಿಮಿಷಗಳದು. ಅಷ್ಟರಲ್ಲಿ ಯಾವ ಟ್ಯಾಂಕೂ ಬರಿದಾಗದು. ಹಾಗಾದರೆ ಅದನ್ನು ಎಣಿಸುವುದೇಕೆ ಎಂದು ಯಾರಾದರೂ ಕೇಳಬಹುದು. ನನ್ನ ತಂದೆ ಬಾಡಿಗೆ ಆಟೋ ಓಡಿಸುವವರು. ದೂರದ ಸವಾರಿ ಬಂದರೆ ಅವರು ಮೊದಲು ಲೆಕ್ಕ ಹಾಕುವುದು ಹೋಗುವ ದಾರಿಯನ್ನಲ್ಲ, ಖಾಲಿ ಮರಳುವ ದಾರಿಯನ್ನು. ೧೯೧೬ರ ನವೆಂಬರ್ ೨೩ರಂದು ಫ್ರಾನ್ಸಿನ ಆಕಾಶದಲ್ಲಿ ಬ್ರಿಟಿಷ್ ಮೇಜರ್ ಲೇನೋ ಹಾಕರನು ರಿಖ್ತೋಫೆನನೊಡನೆ ಸುತ್ತಿ ಸುತ್ತಿ ಕಾದಾಡಿದ. ಪಡುವಣ ಗಾಳಿ ಇಬ್ಬರನ್ನೂ ಜರ್ಮನ್ ಸಾಲಿನ ಒಳಕ್ಕೆ ತಳ್ಳುತ್ತಿತ್ತು. ಪೆಟ್ರೋಲು ಕಡಿಮೆಯಾಗುತ್ತ ಬಂದಾಗ ಹಾಕರನು ಸುತ್ತುವುದನ್ನು ಬಿಟ್ಟು ಮನೆಯ ಕಡೆಗೆ ತಿರುಗಲೇಬೇಕಾಯಿತು. ಬೆನ್ನು ತೋರಿಸಿದಾಗಲೇ ಗುಂಡು ತಗುಲಿತು. ಅವನ ಟ್ಯಾಂಕು ಬರಿದಾಗಿರಲಿಲ್ಲ, ಮನೆ ದೂರವಾಗಿತ್ತು. ಇದನ್ನು ಓದಿದ ಮೇಲೆ ನಾವು ನಕ್ಷೆಯ ಪಶ್ಚಿಮದ ಅಂಚಿನಲ್ಲಿ ಪೆನ್ಸಿಲಿನ ಗೆರೆಯೊಂದನ್ನು ಎಳೆದು, ಇಂತಿಷ್ಟು ಸರದಿಯೊಳಗೆ ಬ್ರಿಟಿಷ್ ವಿಮಾನ ಅದನ್ನು ದಾಟಬೇಕೆಂದು ಗೊತ್ತು ಮಾಡಿಕೊಂಡೆವು. ಸ್ವಂತ ನಿಯಮವಾದರೂ ತಕ್ಕುದೆಂದೇ ನನ್ನ ಮತ.

ಇನ್ನೊಂದು ಮಾತು. ಈ ಮಿತಿಗಳು ಎರಡು ಪಕ್ಷಕ್ಕೂ ಸಮನಾಗಿರಬೇಕಿಲ್ಲ. ೧೯೪೦ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದ ಎಂಟು ಬಂದೂಕುಗಳಿಗೆ ತಲಾ ೩೦೦ ಗುಂಡುಗಳಿದ್ದವು. ಗುಂಡಿ ಒತ್ತಿ ಹಿಡಿದರೆ ಎಲ್ಲವೂ ಸುಮಾರು ೧೫ ಸೆಕೆಂಡಿನಲ್ಲಿ ಮುಗಿಯುತ್ತಿದ್ದವು. ಎದುರಾಳಿಯಾದ ಮೆಸರ್‌ಸ್ಮಿಟ್ ೧೦೯ ಲಂಡನ್ನಿನ ಮೇಲೆ ಕಾದಾಡಬಹುದಾಗಿದ್ದುದು ಹತ್ತಿಪ್ಪತ್ತು ನಿಮಿಷ ಮಾತ್ರ. ಇಬ್ಬರಿಗೂ ಒಂದೇ ಅಂಕಿ ಕೊಡುವ ಆಟಗಾರ ನ್ಯಾಯವಂತನಂತೆ ಕಂಡಾನು, ಆದರೆ ಆ ಆಕಾಶವನ್ನು ಅರಿತವನಲ್ಲ. ಸ್ಪಿಟ್‌ಫೈರಿನವನು ಕೆಳಗಿಳಿದು ಗುಂಡು ತುಂಬಿಸಿಕೊಂಡು ಮತ್ತೆ ಏರಬಹುದಿತ್ತು. ಜರ್ಮನಿಯವನಿಗೆ ನಡುವೆ ಕಡಲಿತ್ತು.