ಒಂದು ಒಳಗೆ, ಎಂಟು ಸಾವಿರ ಹೊರಗೆ

ಮೇಲಿಂಗ್ ಲಿಸ್ಟಿನ ಸರ್ವರ್‌ಗೆ ಬರುವ ಪತ್ರ ಒಂದು, ಅದು ಕಳಿಸಬೇಕಾದದ್ದು ಸಾವಿರಾರು. ಎಂಟು ಸಾವಿರ ಸದಸ್ಯರ ಲಿಸ್ಟಿನಲ್ಲಿ ಒಬ್ಬರು ಪ್ರಶ್ನೆ ಕೇಳುತ್ತಾರೆ, ಮತ್ತೊಬ್ಬರು ಉತ್ತರಿಸುತ್ತಾರೆ, ಕೇಳಿದವರು ಸಂತೋಷ ತಡೆಯಲಾರದೆ ‘ಥ್ಯಾಂಕ್ಸ್’ ಎಂಬ ಒಂದೇ ಮಾತನ್ನು ಎಲ್ಲರಿಗೂ ಕಳಿಸುತ್ತಾರೆ. ಅಷ್ಟಕ್ಕೇ ಸರ್ವರು ನೂರಾರು ಡೊಮೇನ್‌ಗಳ ವಿಳಾಸವನ್ನು ಡಿಎನ್‌ಎಸ್‌ನಲ್ಲಿ ವಿಚಾರಿಸಿ, ಒಂದೊಂದೇ ಬಾಗಿಲು ತಟ್ಟಿ, ತೆಗೆದವರಿಗೆ ಕೊಟ್ಟು, ತೆಗೆಯದವರಿಗಾಗಿ ಐದು ದಿನ ಕಾಯಬೇಕು. ಸೌಜನ್ಯ ಇಷ್ಟು ದುಬಾರಿಯಾಗುವ ಜಾಗ ಇನ್ನೊಂದಿರಲಾರದು.

ಕಚೇರಿಯ ಮೇಲ್ ಸರ್ವರಿನ ತಲೆನೋವೆಲ್ಲ ಒಳಬರುವ ಪತ್ರದ್ದು: ಸ್ಪ್ಯಾಮ್, ವೈರಸ್, ತುಂಬಿದ ಇನ್‌ಬಾಕ್ಸ್. ಲಿಸ್ಟಿನ ಸರ್ವರಿನ ತಲೆನೋವು ಹೊರಹೋಗುವುದರದ್ದು. ಎರಡಕ್ಕೂ ಒಂದೇ ಯಂತ್ರ, ಒಂದೇ ಹೊಂದಾಣಿಕೆ ಸಾಕು ಎನ್ನುವವರು ಇದ್ದಾರೆ. ಅವರ ಲಿಸ್ಟಿನಲ್ಲಿ ಇನ್ನೂರು ಜನರಿದ್ದರೆ ಅವರ ಮಾತು ಸರಿಯೇ. ಅಷ್ಟು ಸಣ್ಣ ಲಿಸ್ಟಿಗೆ ಲಿನಕ್ಸ್ ಜೊತೆಗೆ ಬಂದ ಸರ್ವರನ್ನೇ ಮುಟ್ಟದೆ ಬಿಡುವುದು ಜಾಣತನ. ಸದಸ್ಯರ ಸಂಖ್ಯೆ ಸಾವಿರಗಳಿಗೆ ಏರಿದಾಗ ಆಯ್ಕೆಯ ಮಾತು ಬರುತ್ತದೆ. ಆಗ ಎಲ್ಲರೂ ವೇಗದ ಲೆಕ್ಕ ಕೇಳುತ್ತಾರೆ. ಕೇಳಬೇಕಾದದ್ದು ಸರ್ವರು ಹೇಗೆ ಕಾಯುತ್ತದೆ ಎಂದು, ಏಕೆಂದರೆ ಅದರ ಬದುಕಿನ ಬಹುಪಾಲು ಕಾಯುವುದರಲ್ಲೇ ಕಳೆಯುತ್ತದೆ.

ಆಯ್ಕೆಗಿರುವ ಸರ್ವರ್ ತಂತ್ರಾಂಶಗಳಲ್ಲಿ ಹಿರಿಯದಾದ ಸೆಂಡ್‌ಮೇಲ್ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಬರೆದದ್ದು. ಒಂದು ಪತ್ರಕ್ಕೆ ಸಾವಿರ ವಿಳಾಸಗಳಿದ್ದರೆ ಅದರ ಹಳೆಯ ಆವೃತ್ತಿಗಳು ಒಂದೇ ಪ್ರೊಸೆಸ್‌ನಲ್ಲಿ ಸಾಲಾಗಿ ಒಬ್ಬೊಬ್ಬರ ಬಳಿ ಹೋಗುತ್ತಿದ್ದವು. ಮೂರನೆಯ ಯಂತ್ರ ಮಲಗಿದ್ದರೆ, ಅದಕ್ಕಾಗಿ ಕಾಯುವ ಗಡುವು ಮುಗಿಯುವವರೆಗೆ ಉಳಿದ 997 ಮಂದಿಯೂ ಕಾಯಬೇಕಿತ್ತು. ವಿಳಾಸಗಳನ್ನು ತುಂಡು ಮಾಡಿ ಬೇರೆಬೇರೆ ಸಾಲಿಗೆ ಹಾಕುವ ಸೌಲಭ್ಯ 2001ರ 8.12ನೇ ಆವೃತ್ತಿಯಲ್ಲಿ ಬಂತು. ಅಷ್ಟರಲ್ಲಿ ದೊಡ್ಡ ಲಿಸ್ಟುಗಳವರು ಬೇರೆ ದಾರಿ ಹಿಡಿದಾಗಿತ್ತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಫಿಲಿಪ್ ಹೇಜಲ್ ಆರಂಭಿಸಿದ ಎಕ್ಸಿಮ್ ಬಲು ಬಾಗುವ ಸ್ವಭಾವದ್ದು, ಹೇಳಿದ ಷರತ್ತನ್ನೆಲ್ಲ ಪಾಲಿಸುತ್ತದೆ. ಆದರೆ ಬಹುಪಾಲು ಪತ್ರಗಳು ಕೂಡಲೇ ತಲುಪುತ್ತವೆ ಎಂಬ ನಂಬಿಕೆಯ ಮೇಲೆ ಅದನ್ನು ಕಟ್ಟಲಾಗಿದೆ; ಡೊಮೇನಿಗೊಂದರಂತೆ ಪ್ರತ್ಯೇಕ ಸಾಲು ಇಡುವುದಿಲ್ಲವೆಂದು ಅದರ ಕೈಪಿಡಿಯೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಸಾಲು ಬೆಳೆದಾಗ ಎಕ್ಸಿಮ್ ಏದುಸಿರು ಬಿಡುತ್ತದೆ.

ಉಳಿದವು ಎರಡು. ಒಂದು ಡೇನಿಯಲ್ ಬರ್ನ್‌ಸ್ಟೈನ್ ಅವರ ಕ್ಯೂಮೇಲ್, ಇದರ 1.03ನೇ ಆವೃತ್ತಿ 1998ರಲ್ಲಿ ಬಂತು, ಅದರ ಮೇಲೆ ಅವರು ಹೊಸದೊಂದನ್ನು ಬಿಡಲೇ ಇಲ್ಲ. ಇನ್ನೊಂದು ಐಬಿಎಂನ ಸಂಶೋಧನಾ ಕೇಂದ್ರದಲ್ಲಿ ವೀಟ್ಸೆ ವೆನೆಮಾ ಬರೆದು ಅದೇ ವರ್ಷದ ಡಿಸೆಂಬರಿನಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್. ಲಿಸ್ಟ್ ನಡೆಸುವವರ ಜಗಳವೆಲ್ಲ ಈ ಎರಡರ ನಡುವೆ, ಅದೂ ಒಂದೇ ಒಂದು ವಿಷಯಕ್ಕೆ.

ಜಿಮೇಲಿನಲ್ಲಿ ಮೂರು ಸಾವಿರ ಸದಸ್ಯರಿದ್ದಾರೆ ಎನ್ನೋಣ. ಪೋಸ್ಟ್‌ಫಿಕ್ಸ್ ತಾನಾಗಿ ಐವತ್ತು ವಿಳಾಸಗಳನ್ನು ಒಂದು ಕಂತೆ ಕಟ್ಟಿ ಪತ್ರದ ಒಂದೇ ಪ್ರತಿಯನ್ನು ಕೊಡುತ್ತದೆ. ಅರವತ್ತು ಕಂತೆಗೆ ಕೆಲಸ ಮುಗಿಯಿತು. ಕ್ಯೂಮೇಲಿಗೆ ಕಂತೆ ಎಂಬುದೇ ಗೊತ್ತಿಲ್ಲ. ಮೂರು ಸಾವಿರ ಸಲ ಸಂಪರ್ಕ ಕಟ್ಟಿ, ಮೂರು ಸಾವಿರ ಸಲ ಅದೇ ಪತ್ರ ಓದಿ ಹೇಳಿ, ಮೂರು ಸಾವಿರ ಸಲ ಕಡಿದುಕೊಳ್ಳುತ್ತದೆ. ಕ್ಯೂಮೇಲ್ ಭಕ್ತರ ಸಮರ್ಥನೆ ಹಳೆಯದು: ಲಿಸ್ಟಿನ ಸದಸ್ಯರು ನೂರಾರು ಬೇರೆಬೇರೆ ಯಂತ್ರಗಳಲ್ಲಿ ಹಂಚಿಹೋಗಿರುತ್ತಾರೆ, ಕಂತೆ ಕಟ್ಟಿ ಉಳಿಸುವುದು ಅಷ್ಟಕ್ಕಷ್ಟೇ. 1997ರಲ್ಲಿ, ಪ್ರತಿ ವಿಶ್ವವಿದ್ಯಾಲಯದ ಪ್ರತಿ ವಿಭಾಗಕ್ಕೂ ಸ್ವಂತ ಮೇಲ್ ಸರ್ವರಿದ್ದ ಕಾಲದಲ್ಲಿ, ಅದು ನಿಜವೇ ಇತ್ತು. 2004ರಲ್ಲಿ ಜಿಮೇಲ್ ಬಂದ ಮೇಲೆ ಜಗತ್ತು ಬೆರಳೆಣಿಕೆಯ ಮನೆಗಳಿಗೆ ವಲಸೆ ಹೋಯಿತು. ವಾದ ಮಾತ್ರ ಹಳೆಯ ವಿಳಾಸದಲ್ಲೇ ಉಳಿದಿದೆ.

ಬರ್ನ್‌ಸ್ಟೈನ್ ಕೊಟ್ಟ ಇನ್ನೊಂದು ಕೊಡುಗೆ ಈ ಜಗಳಕ್ಕೆ ತುಪ್ಪ ಸುರಿಯಿತು. ಅದರ ಹೆಸರು ವರ್ಪ್. ಪ್ರತಿಯೊಬ್ಬ ಸದಸ್ಯನಿಗೆ ಹೋಗುವ ಪ್ರತಿಯ ಹಿಂತಿರುಗು ವಿಳಾಸದಲ್ಲಿ ಅವನ ವಿಳಾಸವನ್ನೇ ಹುದುಗಿಸಿ ಕಳಿಸುವುದು. ಪತ್ರ ಬೌನ್ಸ್ ಆಗಿ ಮರಳಿದರೆ ಯಾರದ್ದೆಂದು ತಡಕಾಡಬೇಕಿಲ್ಲ. ಹಳೆಯ ಕಾಲೇಜಿನ ವಿಳಾಸದಿಂದ ಮತ್ತೊಂದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ರವಾನಿಸಿಕೊಳ್ಳುವ ಸದಸ್ಯರ ಬೌನ್ಸ್ ಬಿಡಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಒಪ್ಪಲೇಬೇಕು. ಆದರೆ ಪ್ರತಿಗೊಂದು ಹಿಂತಿರುಗು ವಿಳಾಸ ಎಂದಮೇಲೆ ಕಂತೆ ಕಟ್ಟುವ ಮಾತೇ ಇಲ್ಲ. ಲಿಸ್ಟಿನ ತಂತ್ರಾಂಶವೇ ಪ್ರತಿಗಳನ್ನು ಬಿಡಿಬಿಡಿಯಾಗಿ ಮಾಡಿ ಕೊಟ್ಟರಂತೂ ಎಂಟು ಸಾವಿರ ಕಡತಗಳು ಸರದಿಗೆ ಬಂದು, ಪ್ರತಿಯೊಂದೂ ಡಿಸ್ಕಿಗೆ ಭದ್ರವಾಗಿ ಬರೆಸಿಕೊಂಡೇ ಮುಂದೆ ಸರಿಯುತ್ತದೆ. ಅದೇ ಮೇಲ್‌ಮ್ಯಾನ್ ಎಂಬ ಲಿಸ್ಟ್ ತಂತ್ರಾಂಶದ 2.1ನೇ ಆವೃತ್ತಿ ಐನೂರು ವಿಳಾಸಗಳ ಕಂತೆಗಳಲ್ಲಿ ಒಪ್ಪಿಸಿದರೆ ಹೆಚ್ಚುಕಡಿಮೆ ಹದಿನಾರು ಕಡತ ಸಾಕು. (ಆ ಕಂತೆಗಳನ್ನು ಮೇಲ್‌ಮ್ಯಾನ್ ವಿಂಗಡಿಸುವ ಕ್ರಮ ನೋಡುವಂತಿದೆ: ಡಾಟ್ ಕಾಮ್‌ಗೆ ಒಂದು ಬುಟ್ಟಿ, ನೆಟ್ ಮತ್ತು ಆರ್ಗ್‌ಗೆ ಒಂದು, ಅಮೆರಿಕದ ವಿದ್ಯಾಸಂಸ್ಥೆಗಳಿಗೂ ಕೆನಡಾಕ್ಕೂ ಸೇರಿ ಒಂದು, ಡಾಟ್ ಇನ್ ಸೇರಿದಂತೆ ಉಳಿದ ಭೂಮಂಡಲವೆಲ್ಲ ‘ಇತರೆ’.)

ಇಷ್ಟೇ ಆಗಿದ್ದರೆ ವರ್ಪ್ ಪಂಥದವರನ್ನು ಕ್ಷಮಿಸಬಹುದಿತ್ತು. 2003ರಲ್ಲಿ ಗ್ರೇಲಿಸ್ಟಿಂಗ್ ಬಂತು. ಐಪಿ, ಕಳುಹಿಸುವವ, ಪಡೆಯುವವ ಈ ಮೂರರ ಜೋಡಣೆ ಮೊದಲ ಸಲ ಕಂಡರೆ ‘ಆಮೇಲೆ ಬಾ’ ಎಂದು ಕಳಿಸುವುದು ಇದರ ಕ್ರಮ. ಸ್ಪ್ಯಾಮಿನವರು ಮತ್ತೆ ಬರುವುದಿಲ್ಲ, ಸಭ್ಯ ಸರ್ವರು ಬರುತ್ತದೆ. ಬರ್ನ್‌ಸ್ಟೈನ್ ಅವರದೇ ಲಿಸ್ಟ್ ತಂತ್ರಾಂಶ ಈಜ಼ಡ್‌ಎಂಎಲ್‌ಎಂ ಹಿಂತಿರುಗು ವಿಳಾಸದಲ್ಲಿ ಪತ್ರದ ಕ್ರಮಸಂಖ್ಯೆಯನ್ನೂ ಸೇರಿಸುತ್ತದೆ. ಹೀಗಾಗಿ ಪ್ರತಿ ಪತ್ರದ ಕಳುಹಿಸುವವನೂ ಹೊಸಬ, ಪ್ರತಿ ಪತ್ರಕ್ಕೂ ‘ಆಮೇಲೆ ಬಾ’. ಹತ್ತು ವರ್ಷದ ಸದಸ್ಯನಿಗೂ ಸರ್ವರು ಪ್ರತಿದಿನ ಅಪರಿಚಿತನಂತೆ ಹೊಸ್ತಿಲಲ್ಲಿ ನಿಲ್ಲುತ್ತದೆ. ಇದನ್ನು ತೋರಿಸಿದರೆ ಗ್ರೇಲಿಸ್ಟಿಂಗ್ ಮಾಡುವವರೇ ಮೂರ್ಖರು ಎಂಬ ಉತ್ತರ ಬರುತ್ತದೆ. ಲಿಸ್ಟ್ ನಡೆಸುವವರು ಜಗತ್ತಿನ ಉಳಿದ ಸರ್ವರುಗಳನ್ನು ತಿದ್ದಲು ಹೊರಟರೆ ಪತ್ರ ತಲುಪಿಸುವವರು ಯಾರು? ಮಧ್ಯದ ದಾರಿ ಮೇಲ್‌ಮ್ಯಾನ್‌ನಲ್ಲೇ ಇದೆ: ಪ್ರತಿ ಪತ್ರಕ್ಕೂ ಬೇಡ, ಹತ್ತಕ್ಕೊಂದಕ್ಕೆ ವರ್ಪ್ ಹಾಕು ಎಂದು ಹೇಳಬಹುದು. ಸತ್ತ ವಿಳಾಸ ಇಂದೇ ಸಿಗದಿದ್ದರೆ ಮುಂದಿನ ವಾರ ಸಿಗುತ್ತದೆ. ಪ್ರತಿ ಪತ್ರಕ್ಕೂ ಬೇಕೇ ಬೇಕು ಎನ್ನುವವರಿಗೆ ಪೋಸ್ಟ್‌ಫಿಕ್ಸ್ ತಾನೇ ಕೊನೆಯ ಗಳಿಗೆಯಲ್ಲಿ ವರ್ಪ್ ಮಾಡಿಕೊಡುತ್ತದೆ; ಸರದಿಯ ಕಡತವಾದರೂ ಒಂದೇ ಉಳಿಯುತ್ತದೆ.

ಆಯ್ಕೆ ಪೋಸ್ಟ್‌ಫಿಕ್ಸಿನ ಕಡೆ ವಾಲಲು ಇನ್ನೂ ದೊಡ್ಡ ಕಾರಣ ಅದರ ಸರದಿ ನಿರ್ವಾಹಕ. ಬಸ್ ನಿಲ್ದಾಣದ ಕೌಂಟರಿನಲ್ಲಿ ಇಡೀ ದಿಬ್ಬಣಕ್ಕೆ ಟಿಕೆಟ್ ತೆಗೆಯುವವರು ಮಧ್ಯೆಮಧ್ಯೆ ಒಂಟಿ ಪ್ರಯಾಣಿಕರಿಗೆ ದಾರಿ ಬಿಟ್ಟಂತೆ, ಇದು ಲಿಸ್ಟಿನ ದೊಡ್ಡ ಪತ್ರ ಹೋಗುತ್ತಿರುವಾಗಲೇ ಒಬ್ಬರಿಗೊಬ್ಬರು ಬರೆದ ಸಣ್ಣ ಪತ್ರಗಳನ್ನು ಮುಂದೆ ಬಿಡುತ್ತದೆ. ದೊಡ್ಡ ಪತ್ರ ಐದು ವಿತರಣೆ ಮುಗಿಸಿದಾಗಲೆಲ್ಲ ಒಂದು ಜಾಗ ಬಿಟ್ಟುಕೊಡಬೇಕು ಎಂಬುದು ಸ್ಥೂಲವಾಗಿ ಅದರ ನಿಯಮ. ಪ್ಯಾಟ್ರಿಕ್ ರಾಕ್ ರೂಪಿಸಿದ ಈ ಲೆಕ್ಕಾಚಾರದ ಚೆಲುವು ಕೈಪಿಡಿ ಓದುವವರಿಗಷ್ಟೇ ಗೊತ್ತು.

ಇನ್ನು ಹೊಂದಾಣಿಕೆ. ಎಲ್ಲೋ ಕಂಡ ಸಂಖ್ಯೆಗಳನ್ನು ತಂದು ಕಾನ್ಫಿಗ್ ಕಡತಕ್ಕೆ ಅಂಟಿಸುವವರ ಕೈ ಮೊದಲು ಹೋಗುವುದು ಒಂದು ಡೊಮೇನಿಗೆ ಏಕಕಾಲಕ್ಕೆ ಎಷ್ಟು ಸಂಪರ್ಕ ಎಂಬ ಮಿತಿಗೆ. ಪೋಸ್ಟ್‌ಫಿಕ್ಸ್ ಐದರಿಂದ ಆರಂಭಿಸಿ, ಸಫಲವಾದಂತೆಲ್ಲ ಏರಿಸಿ, ಇಪ್ಪತ್ತಕ್ಕೆ ನಿಲ್ಲುತ್ತದೆ. ವಿಫಲವಾದರೆ ತಾನೇ ಇಳಿಸುತ್ತದೆ. ಇಪ್ಪತ್ತನ್ನು ಇನ್ನೂರು ಮಾಡಿದರೆ ಎದುರಿನ ಸರ್ವರು ದಾಳಿಯೆಂದು ಭಾವಿಸಿ ಬಾಗಿಲು ಹಾಕುತ್ತದೆ, ಅಷ್ಟೇ ಲಾಭ.

ನಿಜವಾದ ಅಡಚಣೆ ಬೇರೆ ಕಡೆ. ಪೋಸ್ಟ್‌ಫಿಕ್ಸಿನಲ್ಲಿ ವಿತರಣೆಯ ಪ್ರೊಸೆಸ್‌ಗಳು ನೂರು. ಉತ್ತರಿಸದ ಯಂತ್ರಕ್ಕಾಗಿ ಒಂದೊಂದೂ ಮೂವತ್ತು ಸೆಕೆಂಡು ಕಾಯುತ್ತದೆ. ಹಳೆಯ ಲಿಸ್ಟೆಂದರೆ ಮುಚ್ಚಿದ ಕಂಪನಿ, ಕೈಬಿಟ್ಟ ಡೊಮೇನುಗಳು ನೂರಾರು. ನೂರೂ ಪ್ರೊಸೆಸ್‌ಗಳು ಅಂಥವಕ್ಕೆ ಸಿಕ್ಕಿಬಿದ್ದರೆ ಸೆಕೆಂಡಿಗೆ ಮೂರು ಪತ್ರ ಸರಿದಾವು. ಪ್ರೊಸೆಸ್ ಹೆಚ್ಚಿಸಿದರೆ ಕಾಯುವವರು ಹೆಚ್ಚುತ್ತಾರೆ. ಬಲ್ಲವರು ಮಾಡುವ ಉಪಾಯ ಇದು: ಮೊದಲ ಯತ್ನದಲ್ಲಿ ಕಾಯುವ ಹೊತ್ತನ್ನು ಐದು ಸೆಕೆಂಡಿಗೆ ಇಳಿಸಿ, ಅಷ್ಟರಲ್ಲಿ ಬಾಗಿಲು ತೆಗೆಯದವರ ಪತ್ರವನ್ನೆಲ್ಲ ಅದೇ ಯಂತ್ರದಲ್ಲಿ ಓಡುವ ಎರಡನೆಯ ಪೋಸ್ಟ್‌ಫಿಕ್ಸಿಗೆ ತಳ್ಳುವುದು. ಮೊದಲನೆಯದು ಅವಸರದ್ದು, ಎರಡನೆಯದು ತಾಳ್ಮೆಯದ್ದು. ಗ್ರೇಲಿಸ್ಟಿಂಗಿನಲ್ಲಿ ‘ಆಮೇಲೆ ಬಾ’ ಎನಿಸಿಕೊಂಡವೂ ಅಲ್ಲಿಗೇ ಹೋಗುತ್ತವೆ. ಬದುಕಿರುವ ವಿಳಾಸಗಳ ಪತ್ರ ನಿಮಿಷಗಳಲ್ಲಿ ಮುಗಿಯುತ್ತದೆ. ಉಳಿದವು ಎರಡನೆಯ ಸಾಲಿನಲ್ಲಿ ಐದು ದಿನ ಯಾರಿಗೂ ತೊಂದರೆ ಕೊಡದೆ ಕೂರುತ್ತವೆ. ಬಳಿಕ ಕ್ಯೂಶೇಪ್ ಎಂಬ ಸಣ್ಣ ಉಪಕರಣ ಓಡಿಸಿದರೆ ಯಾವ ಡೊಮೇನಿನ ಎಷ್ಟು ಪತ್ರ ಎಷ್ಟು ಹೊತ್ತಿನಿಂದ ನಿಂತಿದೆ ಎಂಬ ಕೋಷ್ಟಕ ಬರುತ್ತದೆ. ಎಡಗಡೆಯ ಅಂಕಣಗಳಲ್ಲಿ ಹೊಸ ಪತ್ರಗಳು, ಬಲತುದಿಯಲ್ಲಿ 1280 ನಿಮಿಷ ದಾಟಿದವು. ಮೊದಲ ಸರ್ವರಿನ ಬಲಭಾಗ ಬರೀ ಸೊನ್ನೆಗಳಿಂದ ತುಂಬಿರುವುದನ್ನು ನೋಡುವ ಸುಖ ಈ ಕಸುಬಿನವರಿಗೆ ಮಾತ್ರ ಅರ್ಥವಾದೀತು. ಜೊತೆಗೆ ಅದೇ ಯಂತ್ರದಲ್ಲೊಂದು ಡಿಎನ್‌ಎಸ್ ಕ್ಯಾಶ್, ಸರದಿಗೆ ಎಸ್‌ಎಸ್‌ಡಿ. ಇವೆರಡರ ಬಗ್ಗೆ ಜಗಳವಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಲಿಸ್ಟು ಒಡೆಯುವುದು ಅಡಿಟಿಪ್ಪಣಿಯಿಂದ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನೀತಿಯನ್ನು ‘ತಿರಸ್ಕರಿಸಿ’ ಎಂದು ಬದಲಿಸಿತು: ಯಾಹೂ ಹೆಸರಿನ ಪತ್ರದಲ್ಲಿ ಯಾಹೂವಿನ ಸಹಿ ಕೆಟ್ಟಿದ್ದರೆ ಸ್ವೀಕರಿಸಬೇಡಿ. ಲಿಸ್ಟುಗಳು ವಿಷಯದ ಮುಂದೆ ಚೌಕಾವರಣದಲ್ಲಿ ತಮ್ಮ ಹೆಸರು ಸೇರಿಸುತ್ತವೆ, ಕೊನೆಗೆ ನಾಲ್ಕು ಸಾಲು ಅಂಟಿಸುತ್ತವೆ. ಎರಡೂ ಸಹಿಯನ್ನು ಕೆಡಿಸುತ್ತವೆ. ಯಾಹೂವಿನ ಒಬ್ಬ ಸದಸ್ಯ ಬರೆದರೆ ಜಿಮೇಲಿನ ಸರ್ವರು ತಿರಸ್ಕರಿಸುತ್ತದೆ, ಬೌನ್ಸ್ ಲೆಕ್ಕ ಜಿಮೇಲಿನ ಸದಸ್ಯನ ಖಾತೆಗೆ ಬೀಳುತ್ತದೆ, ಲೆಕ್ಕ ಮಿತಿ ಮುಟ್ಟಿದಾಗ ಅವನಿಗೆ ಪತ್ರ ಬರುವುದೇ ನಿಲ್ಲುತ್ತದೆ. ಬರೆದವ ಸುಖವಾಗಿರುತ್ತಾನೆ.

ಕಳುಹಿಸುವವನ ವಿಳಾಸವನ್ನು ಲಿಸ್ಟಿನ ವಿಳಾಸವಾಗಿ ತಿದ್ದುವ ಪರಿಹಾರ ಮೇಲ್‌ಮ್ಯಾನಿನಲ್ಲಿದೆ. ಆದರೆ ಯಾರು ಬರೆದರೆಂಬುದನ್ನೇ ಮರೆಮಾಡುವ ಬದಲು ಆ ನಾಲ್ಕು ಸಾಲನ್ನೂ ಚೌಕಾವರಣದ ಹೆಸರನ್ನೂ ಬಿಡಬಹುದಿತ್ತಲ್ಲ? ಲಿಸ್ಟಿನ ಗುರುತು, ಹೊರಹೋಗುವ ಕೊಂಡಿ ಎರಡಕ್ಕೂ ಪತ್ರದ ತಲೆಬರಹದಲ್ಲಿ ಪ್ರತ್ಯೇಕ ಜಾಗವಿದೆ; ಕೊಂಡಿಯ ಜಾಗ 1998ರಿಂದಲೇ ಇದೆ. ಕನ್ನಡದಲ್ಲಿ ಬರೆಯುವವರಿಗೆ ಚೌಕಾವರಣದ ಹೆಸರು ಇನ್ನೊಂದು ಉಪದ್ರವ. ವಿಷಯದ ಸಾಲಿನಲ್ಲಿ ಒಂದು ಸಂಕೇತಿತ ತುಣುಕು 75 ಅಕ್ಷರ ಮೀರುವಂತಿಲ್ಲ. ಕನ್ನಡದ ಪ್ರತಿ ಚಿಹ್ನೆಗೆ ಯುಟಿಎಫ್-8ರಲ್ಲಿ ಮೂರು ಬೈಟ್, ಅದು ಬೇಸ್64ರಲ್ಲಿ ನಾಲ್ಕು. ಹೊದಿಕೆ ಕಳೆದರೆ ತುಣುಕಿಗೆ ಹದಿನೈದೇ ಚಿಹ್ನೆ, ಒತ್ತಕ್ಷರ, ಕಾಗುಣಿತ ಎಲ್ಲ ಸೇರಿ. ಮುಂದೆ ಇನ್ನೊಂದು ಹೆಸರು ತುರುಕಿ ಮತ್ತೆ ಕತ್ತರಿಸುವ ಅಜಾಗರೂಕ ತಂತ್ರಾಂಶ ಅಕ್ಷರದ ನಡುವೆಯೇ ಕತ್ತರಿ ಹಾಕಿ ಪ್ರಶ್ನಾರ್ಥಕಗಳ ಸಾಲನ್ನು ಕೊಡುತ್ತದೆ.

ಕೊನೆಯ ಹೊಂದಾಣಿಕೆ ಸರ್ವರಿನ ಕೈಯಲ್ಲಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರು ಕಳುಹಿಸುವವರ ಗುರುತು ಖಚಿತಪಡಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಇಟ್ಟುಕೊಂಡಿರಬೇಕು. ಸ್ಪ್ಯಾಮ್ ಎಂದು ಗುರುತಿಸಿದವರ ಪ್ರಮಾಣ ಶೇ. 0.3ನ್ನು ಮುಟ್ಟಬಾರದು. ಅಂದರೆ ಸಾವಿರಕ್ಕೆ ಮೂವರು. ಲಿಸ್ಟಿನಿಂದ ಹೊರಬರುವ ದಾರಿ ಸಿಗದ ಸದಸ್ಯನಿಗೆ ಸ್ಪ್ಯಾಮ್ ಗುಂಡಿ ಎದುರಿಗೇ ಇರುತ್ತದೆ. ಆದ್ದರಿಂದ ಲಿಸ್ಟ್ ನಡೆಸುವವರು ಸರದಿಯ ಸಂಖ್ಯೆಗಳನ್ನು ತಿದ್ದುವ ಮೊದಲು ತಮ್ಮದೇ ಹೊರಹೋಗುವ ಕೊಂಡಿಯನ್ನು ಒಮ್ಮೆ ಒತ್ತಿ, ಅದು ಕೆಲಸ ಮಾಡುತ್ತದೆಯೇ ಎಂದು ನೋಡಬೇಕು.