ಗುಮಾಸ್ತನ ಪುನರ್ಜನ್ಮ

ಸತ್ತ ಮೇಲೆ ಮನುಷ್ಯನಿಗೆ ಏನಾಗುತ್ತದೆಂಬ ಪ್ರಶ್ನೆಗೆ ನಮ್ಮ ಹಿರಿಯರು ಬಗೆಬಗೆಯಾಗಿ ಉತ್ತರ ಹೇಳಿದ್ದಾರೆ. ಆದರೆ ಕಟ್ಟಡ ಕಟ್ಟುವ ಕಂಪೆನಿಯೊಂದರಲ್ಲಿ ದುಡಿಯುತ್ತಿದ್ದ 37 ವರ್ಷದ ಅವಿವಾಹಿತನೊಬ್ಬನು ಸತ್ತು, ಕಣ್ಣು ಮೂಗು ಕೈಕಾಲುಗಳಿಲ್ಲದ ಲೋಳೆಯ ಮುದ್ದೆಯಾಗಿ ಹುಟ್ಟಿ, ಕಡೆಗೆ ಒಂದು ರಾಜ್ಯವನ್ನೇ ಕಟ್ಟಿಯಾನೆಂದು ಅವರಾರೂ ಊಹಿಸಿರಲಾರರು. ಜಪಾನಿನವರು ಊಹಿಸಿದ್ದಾರೆ. ಊಹಿಸಿ ಸುಮ್ಮನಾಗದೆ, ಅದನ್ನು ಕಂತುಕಂತಾಗಿ ಲೋಕಕ್ಕೆಲ್ಲ ತೋರಿಸಿ, ನಮ್ಮ ಬೆಂಗಳೂರಿನ ಹುಡುಗರ ನಿದ್ದೆಯನ್ನೂ ಅಪಹರಿಸಿದ್ದಾರೆ.

ಅಲ್ಲಿಯ ಚಲಿಸುವ ಚಿತ್ರಕಥೆಗಳಿಗೆ ಅನಿಮೆ ಎಂದು ಹೆಸರು. ಅವುಗಳಲ್ಲಿ ಇಸೆಕಾಯ್ ಎಂಬುದೊಂದು ಕುಲ. ಆ ಪದಕ್ಕೆ ಬೇರೆಯ ಲೋಕವೆಂದರ್ಥ. ನನ್ನ ತಮ್ಮನು ರಾತ್ರಿ ಹತ್ತೂವರೆಗೆ ಕಛೇರಿಯಿಂದ ಬಂದು, ತಟ್ಟೆಯಲ್ಲಿ ಸಾರನ್ನ ಕಲಸಿಕೊಂಡು ಇವುಗಳ ಮುಂದೆ ಕುಳಿತುಬಿಡುತ್ತಾನೆ. ನಾನೂ ಪಕ್ಕದಲ್ಲಿ ಕುಳಿತು ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ಪಂಪ ಜನ್ನರನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಭವಾವಳಿಯ ಕಥೆ ಹೊಸದಲ್ಲ. ಹೊಸದಾಗಿ ಕಂಡದ್ದು, ಹುಟ್ಟಿಬರುವವನ ಉದ್ಯೋಗ.

ಆ ಲೋಳೆಯ ಮುದ್ದೆಯ ಕಥೆಯನ್ನೇ ನೋಡಿ. ಫುಸೆ ಎಂಬ ಲೇಖಕರು 2013ರಲ್ಲಿ ಅಂತರ್ಜಾಲದಲ್ಲಿ ಧಾರಾವಾಹಿಯಾಗಿ ಬರೆಯತೊಡಗಿದ ಕೃತಿ, 2018ರಲ್ಲಿ ಅನಿಮೆಯಾಯಿತು. ಮಿಕಾಮಿ ಸತೋರು ಎಂಬಾತನು ಬೀದಿಯಲ್ಲಿ ಚೂರಿ ಹಿಡಿದು ಓಡಿಬಂದವನೊಬ್ಬನಿಂದ ತನ್ನ ಕಛೇರಿಯ ಕಿರಿಯನನ್ನು ಕಾಪಾಡಹೋಗಿ ತಾನೇ ಇರಿತಕ್ಕೆ ಸಿಕ್ಕುತ್ತಾನೆ. ಪ್ರಾಣ ಹೋಗುವಾಗ ಅವನು ಆಡುವ ಮಾತು ನಾರಾಯಣಸ್ಮರಣೆಯ ಜಾತಿಯದಲ್ಲ. ತನ್ನ ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ಅಳಿಸಿಹಾಕಬೇಕೆಂಬ ಕೋರಿಕೆ! ಮರುಹುಟ್ಟಿನಲ್ಲಿ ರಿಮುರು ಎಂಬ ಹೆಸರು ಪಡೆದು, ಗಾಬ್ಲಿನ್ ಎಂಬ ದುರ್ಬಲ ಪಿಶಾಚಿಗಳ ಹಳ್ಳಿಗೆ ಒಡೆಯನಾಗುತ್ತಾನೆ. ಕುಬ್ಜ ಜಾತಿಯ ಕುಶಲಕರ್ಮಿಗಳನ್ನು ಕರೆತರುತ್ತಾನೆ. ಮನೆ, ಬಟ್ಟೆ, ರಸ್ತೆ, ನೆರೆರಾಜ್ಯಗಳೊಡನೆ ಒಪ್ಪಂದ ಎಲ್ಲವೂ ಒಂದೊಂದಾಗಿ ಏರ್ಪಡುತ್ತವೆ. ಕಾಳಗಗಳೂ ಉಂಟು, ಆದರೆ ಎಷ್ಟೋ ಹೊತ್ತು ಸಭೆಗಳಲ್ಲಿಯೇ ಕಳೆಯುತ್ತದೆ. ಹಗಲೆಲ್ಲ ಸಭೆಗಳಲ್ಲಿ ಕುಳಿತು ಬೇಸತ್ತು ಬಂದ ನನ್ನ ತಮ್ಮನು, ರಾತ್ರಿ ಪಿಶಾಚಿಗಳ ಸಭೆಯನ್ನು ತದೇಕಚಿತ್ತದಿಂದ ನೋಡುವುದೇಕೆಂದು ಕೇಳಿದೆ.

"ಅಲ್ಲಿ ತೀರ್ಮಾನವಾದದ್ದು ಆಗುತ್ತದೆ, ಅಣ್ಣ" ಎಂದನು.

ಈ ಒಂದು ಮಾತು ನನಗೆ ಬಹಳ ದಿನ ಚಿಂತೆಗೆ ಸಾಕಾಯಿತು. ಇಂಥ ಕಥೆಗಳ ಮೋಹವು ಮಂತ್ರಮಾಯೆಗಳಲ್ಲಿಲ್ಲ. ಮಂತ್ರಮಾಯೆ ನಮ್ಮ ಚಂದಮಾಮದಲ್ಲಿಯೂ ಧಾರಾಳವಾಗಿತ್ತು. ಇಲ್ಲಿ ಬೆಲೆ ಬರುವುದು ಹಳೆಯ ಜನ್ಮದ ಕಸುಬಿಗೆ. 2025ರಲ್ಲಿ ಬಂದ ಒಂದು ಕಥೆಯಲ್ಲಿ ತೊಂದಬಯಾಶಿ ಕೆಂಜಬುರೊ ಎಂಬ 52 ವರ್ಷದ ಸರ್ಕಾರಿ ನೌಕರನು, ಮಗುವೊಂದನ್ನು ಲಾರಿಯಿಂದ ತಪ್ಪಿಸಹೋಗಿ, ಕಣ್ಣು ತೆರೆದಾಗ ಒಂದು ಕಂಪ್ಯೂಟರ್ ಆಟದೊಳಗಿನ ಖಳನಾಯಿಕೆಯಾಗಿರುತ್ತಾನೆ. ಕಥಾನಾಯಿಕೆಯನ್ನು ಪೀಡಿಸುವುದು ಅವಳ ಪಾತ್ರಧರ್ಮ. ಆದರೆ ಮಗಳನ್ನು ಸಾಕಿದ ತಂದೆಗೆ ಪೀಡಿಸಲು ಬರಬೇಕಲ್ಲ! ಆ ಹುಡುಗಿಯನ್ನು ಕಂಡರೆ ಅವನಿಗೆ ಹೆತ್ತವರ ಅಕ್ಕರೆಯೇ ಹೊಮ್ಮುತ್ತದೆ. ಕಛೇರಿಯಲ್ಲಿ ಮೇಲಧಿಕಾರಿಗಳ ಮುಂದೆ ಬಾಗಿ ಬಾಗಿ ಕಲಿತ ವಿನಯ ಅಲ್ಲಿ ರಾಜವಂಶದ ಲಾವಣ್ಯವಾಗಿ ಮಾರ್ಪಡುತ್ತದೆ.

ನಮ್ಮ ತಂದೆಯವರು ಗುಮಾಸ್ತರಾಗಿದ್ದರು. ಯಾವ ಕಡತ ಯಾವ ಬೀರುವಿನ ಯಾವ ಅರೆಯಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲವರಾಗಿದ್ದರು. ನಿವೃತ್ತರಾದ ದಿನ ಒಂದು ಹಾರ, ಒಂದು ಶಾಲು, ಒಂದು ಗೋಡೆಗಡಿಯಾರ ಬಂದುವು. ಆ ವಿದ್ಯೆ ಏನಾಯಿತೆಂದು ಯಾರೂ ಕೇಳಲಿಲ್ಲ.

ನಮ್ಮ ಹಳೆಯ ಕವಿಗಳು ಪುನರ್ಜನ್ಮವನ್ನು ಇಷ್ಟು ಕರುಣೆಯಿಂದ ಕಂಡವರಲ್ಲ. 1209ರಲ್ಲಿ ಜನ್ನನು ಬರೆದ ಯಶೋಧರ ಚರಿತೆಯಲ್ಲಿ, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದ ದೋಷಕ್ಕೆ ಅರಸನು ನವಿಲಾಗಿಯೂ ಅವನ ತಾಯಿ ನಾಯಾಗಿಯೂ ಹುಟ್ಟಿ, ಜನ್ಮದಿಂದ ಜನ್ಮಕ್ಕೆ ತೊಳಲಬೇಕಾಯಿತು. ಅಲ್ಲಿ ಹುಟ್ಟು ಸೆರೆಮನೆ; ಬಿಡುಗಡೆಯೇ ಗುರಿ. ಜಪಾನಿನ ಈ ಕಥೆಗಾರರಿಗಾದರೋ ಪುನರ್ಜನ್ಮವೆಂದರೆ ಒಳ್ಳೆಯ ಊರಿಗೆ ಆದ ವರ್ಗ. ಅರ್ಜಿಯಿಲ್ಲ, ಶಿಫಾರಸಿಲ್ಲ, ಒಂದು ಲಾರಿ ಬಂದರೆ ಸಾಕು.

ನಗುವಿನ ಮಾತೇನೋ ಹೌದು. ಆದರೆ ದುಡಿತದಿಂದ ಬರುವ ಮರಣಕ್ಕೆ ಕರೋಶಿ ಎಂಬ ಪ್ರತ್ಯೇಕ ಪದವನ್ನೇ ಮಾಡಿಕೊಂಡ ದೇಶ ಅದು. ಅದನ್ನು ತಡೆಯಲೆಂದು 2014ರಲ್ಲಿ ಶಾಸನವಾಯಿತು. 2018ರ ಮತ್ತೊಂದು ಶಾಸನವು ಹೆಚ್ಚುವರಿ ದುಡಿತಕ್ಕೆ ತಿಂಗಳಿಗೆ 45 ಗಂಟೆಗಳೆಂಬ ಸಾಮಾನ್ಯ ಮಿತಿಯನ್ನು ಗೊತ್ತುಮಾಡಿ, 2019ರ ಏಪ್ರಿಲಿನಿಂದ ಜಾರಿಗೆ ಬಂದಿತು. 2021ರ ಅನಿಮೆಯೊಂದರ ನಾಯಕಿ ಅಜುಸಾ ಇಂಥದೇ ಸಾವನ್ನು ಸತ್ತವಳು. ದೇವತೆಯು ವರ ಕೇಳೆಂದಾಗ ಅವಳು ಸಿಂಹಾಸನವನ್ನು ಕೇಳುವುದಿಲ್ಲ. ಸಾವಿಲ್ಲದ ಬಾಳನ್ನೂ ಅದನ್ನು ನಿಧಾನವಾಗಿ ಕಳೆಯುವ ಅವಕಾಶವನ್ನೂ ಕೇಳುತ್ತಾಳೆ. ಗುಡ್ಡದ ಮೇಲಿನ ಮನೆಯಲ್ಲಿ ಕೈತೋಟ ಮಾಡಿಕೊಂಡು, ಖರ್ಚಿಗೆಂದು ದಿನಕ್ಕೆ ಕೆಲವು ಸಣ್ಣ ಲೋಳೆಪ್ರಾಣಿಗಳನ್ನು ಕೊಲ್ಲುತ್ತ, 300 ವರ್ಷ ಕಳೆಯುತ್ತಾಳೆ. ಭವಿಷ್ಯನಿಧಿಗೆ ಬಡ್ಡಿ ಸೇರಿದಂತೆ ಶಕ್ತಿ ಸೇರಿ, ತನಗೇ ತಿಳಿಯದೆ ಲೋಕದ ಪರಮಶಕ್ತಳಾಗಿರುತ್ತಾಳೆ. ಕಥೆ ಹಾಸ್ಯದ್ದು. ನನ್ನ ತಮ್ಮನು ಮಾತ್ರ ಮೊದಲ ದೃಶ್ಯದಲ್ಲಿ ನಗಲಿಲ್ಲ. "ಅವಳಿಗೆ ಇಪ್ಪತ್ತೇಳು. ನನಗಿಂತ ಎರಡು ವರ್ಷ ಚಿಕ್ಕವಳು" ಎಂದನು. ನಾನು ಏನೂ ಹೇಳಲಿಲ್ಲ. ಅವನ ತಟ್ಟೆಯ ಅನ್ನ ಆರಿಹೋಗಿತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ ಕೇಳಿದ ಪ್ರಶ್ನೆಯೇ ಬೇರೆ: "ಎಲ್ಲರೂ ಸತ್ತು ಸುಖವಾಗಿ ಇದ್ದುಬಿಡುತ್ತಾರಲ್ಲ, ಅವರ ತಾಯಂದಿರು ಏನಾದರು?"

ಬಹುಮಟ್ಟಿಗೆ ಈ ಕಥೆಗಳು ಅದಕ್ಕೆ ಉತ್ತರ ಕೊಡುವುದಿಲ್ಲ. ನಾಯಕನು ಒಂಟಿ, ಬಿಟ್ಟು ಬಂದದ್ದು ಒಂದು ಮೇಜು, ಒಂದು ಬಾಡಿಗೆಯ ಕೋಣೆ. ಹಿಂತಿರುಗಬೇಕೆಂದು ಹಂಬಲಿಸುವವರು ವಿರಳ. ಆದರೆ ಮಿಯಾ ಕಜುಕಿ ಎಂಬವರ ಕೃತಿಯಿಂದ 2019ರಲ್ಲಿ ಆರಂಭವಾದ ಅನಿಮೆಯೊಂದುಂಟು. ಗ್ರಂಥಾಲಯದ ಕೆಲಸ ಗೊತ್ತಾಗಿದ್ದ ಪುಸ್ತಕಪ್ರೇಮಿ ತರುಣಿಯೊಬ್ಬಳು ಭೂಕಂಪದಲ್ಲಿ ಪುಸ್ತಕಗಳ ಅಡಿಯಲ್ಲಿಯೇ ಸಿಕ್ಕಿ ಸತ್ತು, ಬಡ ಸಿಪಾಯಿಯ ರೋಗಿಷ್ಠ ಮಗಳು ಮೈನ್ ಆಗಿ ಹುಟ್ಟುತ್ತಾಳೆ. ಆ ಲೋಕದಲ್ಲಿ ಪುಸ್ತಕ ಸಿರಿವಂತರ ಸೊತ್ತು. ಸರಿ, ತಾನೇ ಮಾಡುವೆನೆಂದು ಹೊರಡುತ್ತಾಳೆ. ಹುಲ್ಲಿನ ನಾರು ಹೆಣೆದು ಸೋಲುತ್ತಾಳೆ. ಮರದ ಪಟ್ಟಿಗಳು ತಾಯಿಯ ಒಲೆಗೆ ಸೌದೆಯಾಗುತ್ತವೆ. ಕಡೆಗೆ ಗೆಳೆಯನ ನೆರವಿನಿಂದ ಕಾಗದ ಮಾಡುತ್ತಾಳೆ. ಓಲೆಗರಿಯ ಕಟ್ಟುಗಳನ್ನು ಕೈಯಲ್ಲಿ ಹಿಡಿದು ಬಲ್ಲವರಿಗೆ ಈ ಭಾಗ ಮಂತ್ರವಿದ್ಯೆಗಿಂತಲೂ ಅದ್ಭುತವಾಗಿ ತೋರುತ್ತದೆ.

2020ರ ಎರಡನೆಯ ಸರಣಿಯಲ್ಲಿ ಅರ್ಚಕನೊಬ್ಬನು ಮಾಯಾಸಾಧನದಿಂದ ಅವಳ ಪೂರ್ವಸ್ಮೃತಿಯನ್ನು ಹೊಗುತ್ತಾನೆ. ನಮ್ಮ ಕವಿಗಳ ಜಾತಿಸ್ಮರಣೆಯೇ ಸರಿ. ಅವಳು ತನ್ನ ಹಳೆಯ ಮನೆಯಲ್ಲಿ ನಿಂತು, ಹಳೆಯ ತಾಯಿಯನ್ನು ಕಂಡು, ಕ್ಷಮೆ ಬೇಡಿ ಅಳುತ್ತಾಳೆ. ಅಮ್ಮನಿಗೆ ಜಪಾನೀ ಭಾಷೆಯ ಒಂದಕ್ಷರವೂ ಬಾರದು. ತಮ್ಮನು ಕನ್ನಡದಲ್ಲಿ ಹೇಳತೊಡಗಿದರೆ, "ತಿಳಿಯಿತು, ಸುಮ್ಮನಿರು" ಎಂದರು.

ಮರುದಿನ ಆ ಕಥೆಯನ್ನು ಮೊದಲಿನಿಂದ ಹಾಕೆಂದು ಅವನಿಗೆ ಹೇಳಿದರು. ಅವನು ಕಛೇರಿಯಿಂದ ಬೇಗ ಬಂದ ದಿನ ಇಬ್ಬರೂ ಕುಳಿತು ನೋಡುತ್ತಾರೆ. ಎರಡು ತಿಂಗಳಲ್ಲಿ ಮೂರು ಕಂತು ಮುಗಿದಿವೆ.