ಅಮ್ಮನ ಕಾರ್ ಟಾಕೀಸು

ಕಾರಿನ ಸೂರಿಗೆ ಟಿವಿ ಹಾಕಿಸ್ತೀನಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ, ‘ಮಕ್ಕಳಿಗಾ?’ ಅಲ್ಲ, ಅಮ್ಮನಿಗೆ. ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಆವತಿಯಿಂದ ಬೆಂಗಳೂರಿಗೆ ಹೋಗಬೇಕು. ತೊಡೆ ಮೇಲೆ ಮೊಬೈಲ್ ಇಟ್ಟು ಬಗ್ಗಿ ನೋಡಿದರೆ ಅವರಿಗೆ ಕತ್ತುನೋವು, ಮೇಲೆ ವಾಂತಿ ಬಂದ ಹಾಗೆ. ಸುಮ್ಮನೆ ಕೂತರೆ ಸೂಜಿಯದೇ ಯೋಚನೆ.

ಜೆ.ಸಿ. ರಸ್ತೆಯಲ್ಲಿ ಹಾಕಿಸಿದೆ. ಸೂರಿನ ಬಟ್ಟೆ ಪರದೆಯ ಭಾರ ತಡೆಯಲ್ಲ. ಅದನ್ನು ಬಿಚ್ಚಿ, ಒಳಗಿನ ಕಬ್ಬಿಣದ ಅಡ್ಡಪಟ್ಟಿಗೆ ಬ್ರಾಕೆಟ್ ಕೂರಿಸಿ ಸ್ಕ್ರೂ ಹಾಕಬೇಕು. ಕರೆಂಟಿಗೆ ಬೇರೆ ಫ್ಯೂಸ್. ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ವೈರು ಅದರ ಮುಂದೆ ಅಡ್ಡ ಹಾಯಬಾರದು. ಇದೊಂದನ್ನು ನಿಂತು ನೋಡಿಯೇ ಮಾಡಿಸಿ. ದೊಡ್ಡ ಪರದೆ ಇಳಿಸಿದರೆ ಒಳಗನ್ನಡಿಯಲ್ಲಿ ಹಿಂದಿನ ಗಾಜೇ ಕಾಣಲ್ಲ. ಅದಕ್ಕೇ 10 ಇಂಚು ಸಾಕು ಅಂದೆ. ಓಡಿಸೋನು ನಾನು, ನನಗೆ ಹಿಂದಿನ ಲಾರಿ ಕಾಣಬೇಕಲ್ಲ!

‘ಇದಕ್ಕೆಲ್ಲ ಯಾಕೋ ದುಡ್ಡು ದಂಡ?’ ಅಂತ ಅಮ್ಮ ಗೊಣಗಿದರು. ದೇವನಹಳ್ಳಿ ದಾಟೋಷ್ಟರಲ್ಲಿ ಗೊಣಗಾಟ ನಿಂತಿತ್ತು. 1971ರ ‘ಕಸ್ತೂರಿ ನಿವಾಸ’ ಮೂರು ಟ್ರಿಪ್ಪಿಗೆ ಮುಗೀತು. ಹೋಗುವಾಗ ಮಾತ್ರ ಸಿನಿಮಾ. ಬರುವಾಗ ಸುಸ್ತು; ಪರದೆ ಮಡಚಿಟ್ಟು ಸೀಟು ಹಿಂದಕ್ಕೆ ಒರಗಿಸಿಕೊಡ್ತೀನಿ, ಆವತಿ ಬೆಟ್ಟ ಬರೋವರೆಗೂ ನಿದ್ದೆ.

ಆಸ್ಪತ್ರೆ ಬಾಗಿಲಲ್ಲಿ ಮೊದಲೆಲ್ಲ ಇಳಿಯೋಕೆ ಹಿಂದೇಟು ಹಾಕೋರು. ಈಗಲೂ ಇಳಿಯಲ್ಲ, ‘ತಾಳೋ, ಈ ಸೀನ್ ಮುಗೀಲಿ’ ಅಂತಾರೆ. ಸದ್ಯಕ್ಕೆ ‘ಬಂಗಾರದ ಮನುಷ್ಯ’ ಓಡ್ತಿದೆ. ಹೆಬ್ಬಾಳದ ಟ್ರಾಫಿಕ್ಕಿಗೆ ಬೈಯೋನು ನಾನೊಬ್ಬನೇ.